ಟಚ್‌ಸ್ಕ್ರೀನ್ ಸಾಧನಕ್ಕೆ ಯಾವ ಲಿನಕ್ಸ್ ಹಾಕಬೇಕು?

ಸಹಕಾರಿ ಸಂಘದಲ್ಲಿ ಅಡಿಕೆ ದರ ತೋರಿಸುವ ಪರದೆ, ಆಸ್ಪತ್ರೆಯಲ್ಲಿ ಟೋಕನ್ ಕೊಡುವ ಯಂತ್ರ, ಗ್ರಂಥಾಲಯದಲ್ಲಿ ಪುಸ್ತಕ ಹುಡುಕುವ ಪೆಟ್ಟಿಗೆ. ಇಂಥವನ್ನು ಈಗ ಒಂದು ಚಿಕ್ಕ ಬೋರ್ಡಿಗೆ ಟಚ್‌ಸ್ಕ್ರೀನ್ ಜೋಡಿಸಿ ನಾವೇ ಮಾಡಿಕೊಳ್ಳಬಹುದು. ಒಳಗೆ ಹಾಕುವುದು ಸಾಮಾನ್ಯವಾಗಿ ಲಿನಕ್ಸ್. ‘ಹೇಗೂ ಪುಕ್ಕಟೆ, ಯಾವ ಲಿನಕ್ಸ್ ಹಾಕಿದರೂ ನಡೆಯುತ್ತದೆ’ ಎಂಬ ನಂಬಿಕೆ ಹಲವರಲ್ಲಿದೆ. ಇದು ನಿಜವೇ?

ಲಿನಕ್ಸ್ ಒಂದೇ ಅಲ್ಲ

ಲಿನಕ್ಸ್ ಎಂಬುದು ಕರ್ನಲ್‌ನ ಹೆಸರು. ಯಂತ್ರದ ಭಾಗಗಳನ್ನೂ ತಂತ್ರಾಂಶವನ್ನೂ ಬೆಸೆಯುವ ತಿರುಳು ಅದು. ಡೆಬಿಯನ್, ಉಬುಂಟು, ಆಲ್ಪೈನ್ ಇವೆಲ್ಲ ಆ ತಿರುಳಿನ ಸುತ್ತ ಬೇರೆ ಬೇರೆಯಾಗಿ ಕಟ್ಟಿದ ವ್ಯವಸ್ಥೆಗಳು. ಆಂಡ್ರಾಯ್ಡ್ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ.

ಬೆಂಗಳೂರಿನ ಸಿಂಪ್ಯೂಟರ್

ಕೈಯಲ್ಲಿ ಹಿಡಿಯುವ ಟಚ್‌ಸ್ಕ್ರೀನ್ ಸಾಧನಕ್ಕೆ ಲಿನಕ್ಸ್ ಆರಿಸಿದ ಉದಾಹರಣೆ ನಮ್ಮಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ರೂಪಿಸಿದ ಸಿಂಪ್ಯೂಟರ್‌ನ ಮಾದರಿ 2001ರಲ್ಲಿ ಹೊರಬಂತು. 2004ರಲ್ಲಿ ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ಲಿನಕ್ಸ್‌ಗೆ ಪರವಾನಗಿ ಹಣ ಕೊಡಬೇಕಿರಲಿಲ್ಲ. ಬೇಕಾದಂತೆ ತಿದ್ದಿಕೊಳ್ಳಲೂ ಬರುತ್ತಿತ್ತು. ಓದಲು ಬಾರದವರಿಗಾಗಿ ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ‘ಧ್ವನಿ’ ತಂತ್ರಾಂಶ ಹುಟ್ಟಿದ್ದು ಇದಕ್ಕಾಗಿಯೇ. ಅಂದರೆ ಬೆಲೆಯ ಜೊತೆಗೆ ಬಳಸುವವರು ಯಾರು ಎಂಬುದನ್ನೂ ಅವರು ನೋಡಿದ್ದರು.

ನೋಡಬೇಕಾದ ನಾಲ್ಕು ಸಂಗತಿ

*ಡ್ರೈವರ್:* ಬೆರಳು ಎಲ್ಲಿ ತಾಗಿತು ಎಂಬುದನ್ನು ಪರದೆಯ ಚಿಪ್ ಲೆಕ್ಕ ಹಾಕುತ್ತದೆ, ಡ್ರೈವರ್ ಅದನ್ನು ಕರ್ನಲ್‌ಗೆ ತಿಳಿಸುತ್ತದೆ. ಆ ಡ್ರೈವರ್ ಮೂಲ ಕರ್ನಲ್‌ನಲ್ಲೇ ಇದ್ದರೆ ಹೊಸ ಆವೃತ್ತಿಗಳಲ್ಲೂ ಸಿಗುತ್ತದೆ. ಬೋರ್ಡ್ ಮಾರಿದವರ ಹಳೆಯ ಕರ್ನಲ್‌ನಲ್ಲಿ ಮಾತ್ರ ಇದ್ದರೆ ನೀವು ಅಲ್ಲಿಗೇ ಕಟ್ಟುಬಿದ್ದಂತೆ.

*ಅಪ್‌ಡೇಟ್:* ಲಿನಕ್ಸ್‌ಗೆ ವೈರಸ್ ಬರುವುದೇ ಇಲ್ಲ ಎಂಬುದು ತಪ್ಪು. ಇಂಟರ್‌ನೆಟ್‌ಗೆ ಜೋಡಿಸಿದ ಸಾಧನಕ್ಕೆ ಭದ್ರತಾ ಅಪ್‌ಡೇಟ್ ಬೇಕೇ ಬೇಕು. ಡೆಬಿಯನ್‌ನ ಒಂದು ಆವೃತ್ತಿಗೆ ಸುಮಾರು 5 ವರ್ಷ ಅದು ಸಿಗುತ್ತದೆ.

*ಕರೆಂಟ್:* ಮಳೆಗಾಲದಲ್ಲಿ ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯಂಥ ಊರಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ. ಮೆಮೊರಿ ಕಾರ್ಡ್‌ಗೆ ಬರೆಯುತ್ತಿರುವಾಗಲೇ ಹೋದರೆ ಕಡತಗಳು ಕೆಟ್ಟು ಸಾಧನ ಮತ್ತೆ ಏಳದೆಯೂ ಇರಬಹುದು. ವ್ಯವಸ್ಥೆಯ ಭಾಗವನ್ನು ಓದಲು ಮಾತ್ರ ಬರುವಂತೆ ಬೀಗ ಹಾಕಿ, ಮಾಹಿತಿಯನ್ನು ಬೇರೆ ಭಾಗದಲ್ಲಿ ಇಡುವುದು ಇದಕ್ಕೆ ಪರಿಹಾರ.

*ಕನ್ನಡ:* ಒತ್ತಕ್ಷರಗಳನ್ನು ಸರಿಯಾದ ಜಾಗದಲ್ಲಿ ಕೂರಿಸಲು ಫಾಂಟ್ ಒಂದೇ ಸಾಲದು, ಹಾರ್ಫ್‌ಬಝ್‌ನಂಥ ತಂತ್ರಾಂಶವೂ ಬೇಕು. ತೀರಾ ಚಿಕ್ಕದಾಗಿಸಿದ ಲಿನಕ್ಸ್‌ನಲ್ಲಿ ಇವು ಇಲ್ಲದಿದ್ದರೆ ‘ರಾಷ್ಟ್ರ’ ಎಂಬುದು ‘ರಾಷ್‌ಟ್‌ರ’ ಎಂದು ಒಡೆಯುತ್ತದೆ, ಇಲ್ಲವೇ ಬರೀ ಚೌಕಗಳು ಕಾಣುತ್ತವೆ.

ಹಾಗಾದರೆ ಯಾವುದು?

ಒಂದೋ ಹತ್ತೋ ಸಾಧನವಾದರೆ ಡೆಬಿಯನ್ ಆಧಾರಿತ ವ್ಯವಸ್ಥೆ ಸಾಕು. ರಾಸ್ಪ್‌ಬೆರಿ ಪೈ ಬೋರ್ಡಿನ ಸ್ವಂತ ವ್ಯವಸ್ಥೆಯೂ ಅದೇ ಬಗೆಯದು. ಒಂದೇ ಬಗೆಯ ನೂರಾರು ಸಾಧನ ತಯಾರಿಸುವುದಾದರೆ ಯಾಕ್ಟೊ ಅಥವಾ ಬಿಲ್ಡ್‌ರೂಟ್ ಬಳಸಿ ಬೇಕಾದಷ್ಟನ್ನೇ ಕಟ್ಟಿಕೊಳ್ಳಬಹುದು. ಆದರೆ ಅಪ್‌ಡೇಟ್ ಹೊರೆ ನಿಮ್ಮದಾಗುತ್ತದೆ, ಅದಕ್ಕೆ ಬಲ್ಲವರು ಬೇಕು. ಮೊಬೈಲ್ ಆ್ಯಪ್‌ಗಳೇ ಓಡಬೇಕಿದ್ದರೆ ಆಂಡ್ರಾಯ್ಡ್ ಲೇಸು.

ಯಾವುದನ್ನೇ ಆರಿಸಿ, ಮೊದಲು ಒಂದೇ ಬೋರ್ಡ್ ಕೊಳ್ಳಿ. ಕನ್ನಡ ಟೈಪ್ ಮಾಡಿ ನೋಡಿ. ಓಡುತ್ತಿರುವಾಗಲೇ ಇಪ್ಪತ್ತು ಸಲ ಪ್ಲಗ್ ಕಿತ್ತು ನೋಡಿ. ಪ್ರತಿ ಸಲವೂ ಸರಿಯಾಗಿ ಎದ್ದರೆ ಉಳಿದವನ್ನು ಕೊಳ್ಳಬಹುದು.