ತೆರಪಿನ ಲೆಕ್ಕ

ಗಣಕಯಂತ್ರದಲ್ಲಿ ಬರೆಯಲು ಕಲಿಯುವ ವಿದ್ಯಾರ್ಥಿಗೆ ಮೊದಲು ಹೇಳಿಕೊಡುವುದು ಅಕ್ಷರಗಳ ಕೀಲಿಗಳನ್ನು. ಅಕ್ಷರವಿಲ್ಲದ ಎಡೆಯ ಪಾಠವನ್ನು ಹೇಳುವವರು ವಿರಳ. ಉದ್ದನೆಯ ಕೀಲಿಯನ್ನು ಬೇಕಾದಷ್ಟು ಸಲ ಒತ್ತಿದರೆ ತೆರಪು ತಾನಾಗಿ ಬರುವುದೆಂದು ಎಲ್ಲರ ನಂಬಿಕೆ. ಈ ನಂಬಿಕೆ ಸರಿಯಲ್ಲವೆಂದೂ, ಇಂಗ್ಲಿಷಿಗಿಂತ ಕನ್ನಡಕ್ಕೆ ಅದರಿಂದಾಗುವ ಹಾನಿ ಹೆಚ್ಚೆಂದೂ ನಮ್ಮ ಅಭಿಪ್ರಾಯ.

ತೆರಪು ಬರವಣಿಗೆಯೊಡನೆ ಹುಟ್ಟಿದುದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ಪದಕ್ಕೂ ಪದಕ್ಕೂ ನಡುವೆ ಎಡೆಯಿಲ್ಲ, ತಾಳೆಯೋಲೆಗಳಲ್ಲಿಯೂ ಹಾಗೆಯೇ. ಓದುವವನೇ ಪದಗಳನ್ನು ಬಿಡಿಸಿಕೊಳ್ಳಬೇಕಾಗಿತ್ತು. ಅಚ್ಚಿನ ಕಾಲದಲ್ಲಿ ತೆರಪೆಂಬುದು ಕೈಯಲ್ಲಿ ಹಿಡಿಯಬಹುದಾದ ವಸ್ತುವಾಯಿತು. ಮೊಳೆ ಜೋಡಿಸುವವನು ಪದಗಳ ನಡುವೆ, ಅಕ್ಷರದ ಮೊಳೆಗಿಂತ ಗಿಡ್ಡವಾದ, ಮಸಿ ತಾಗದ ಲೋಹದ ತುಂಡನ್ನೂ, ಸಾಲುಗಳ ನಡುವೆ ಸೀಸದ ಪಟ್ಟಿಯನ್ನೂ ಇಡುತ್ತಿದ್ದನು. ಬಯಲಿಗೂ ಆಗ ತೂಕವಿತ್ತು! ತರುವಾಯ ಬೆರಳಚ್ಚು ಯಂತ್ರ ಬಂದಿತು. ಅದರಲ್ಲಿ ಉದ್ದನೆಯ ಕೀಲಿಯನ್ನು ಒತ್ತಿದಾಗಲೆಲ್ಲ ಕಾಗದವು ಒಂದೇ ಅಳತೆಯಷ್ಟು ಸರಿಯುತ್ತಿದ್ದುದರಿಂದ, ಐದು ಸಲ ಒತ್ತಿ ಅಂಕಿಗಳನ್ನು ಒಂದರ ಕೆಳಗೊಂದು ನಿಲ್ಲಿಸುವುದು ಸಾಧ್ಯವಿತ್ತು. ಆ ರೂಢಿಯೇ ಗಣಕಕ್ಕೂ ದಾಟಿ ಬಂದಿದೆ. ಆದರೆ ಗಣಕದ ಕನ್ನಡ ಅಕ್ಷರಗಳ ಅಗಲ ಒಂದೇ ಅಲ್ಲ; ‘ರ’ ಕಿರಿದು, ‘ಮ’ ಹಿರಿದು. ತೆರಪಿನ ಅಗಲವೂ ಅಕ್ಷರಶೈಲಿಯಿಂದ ಶೈಲಿಗೆ ಬೇರೆಯಾಗುವುದು.

ಬೀದರ ಜಿಲ್ಲೆಯ ನಿರ್ಣಾ ಗ್ರಾಮದ ಒಬ್ಬ ವಿದ್ಯಾರ್ಥಿನಿ ತನ್ನ ಊರಿನ ತೊಗರಿ, ಜೋಳ, ಸೋಯಾ ಬೆಳೆಗಳ ವಿವರವನ್ನು ಪಟ್ಟಿಮಾಡಿ ಕಾಲೇಜಿಗೆ ಒಪ್ಪಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಅವಳು ‘ನುಡಿ’ಯ ಹಳೆಯ ಅಕ್ಷರಶೈಲಿಯಲ್ಲಿ ಪಟ್ಟಿಯನ್ನು ಬರೆದು, ಉದ್ದನೆಯ ಕೀಲಿಯಿಂದಲೇ ಅಂಕಣಗಳನ್ನು ಸರಿಪಡಿಸಿರುವಳು. ಪರದೆಯ ಮೇಲೆ ಎಲ್ಲವೂ ನೆಟ್ಟಗಿದೆ. ಅದನ್ನು ಯೂನಿಕೋಡಿಗೆ ಪರಿವರ್ತಿಸಿದೊಡನೆ ಪ್ರತಿ ಅಕ್ಷರದ ಅಗಲವೂ ಬದಲಾಗಿ, ತೊಗರಿಯ ಅಂಕಿ ಜೋಳದ ಅಂಕಣಕ್ಕೆ ಸರಿದು ನಿಲ್ಲುವುದು. ಒಂದೂ ಅಕ್ಷರ ತಪ್ಪಿಲ್ಲ; ಆದರೂ ಪಟ್ಟಿ ಸುಳ್ಳು ಹೇಳುತ್ತಿದೆ. ಟ್ಯಾಬ್ ಕೀಲಿಗೆ ಒಂದು ನಿಲ್ದಾಣವನ್ನು ಗೊತ್ತುಮಾಡಿದ್ದರೆ, ಇಲ್ಲವೆ ಪಟ್ಟಿಯನ್ನು ಪಟ್ಟಿಯಾಗಿಯೇ ಹಾಕಿದ್ದರೆ, ಅಕ್ಷರಶೈಲಿ ಎಷ್ಟು ಸಲ ಬದಲಾದರೂ ಅಂಕಿಗಳು ತಮ್ಮ ಎಡೆಯಲ್ಲಿಯೇ ನಿಲ್ಲುತ್ತಿದ್ದುವು. ಒಂದು ವಿಧಾನದಲ್ಲಿ ತೆರಪು ಕೈಯಿಂದ ತುಂಬಿದ ಪದಾರ್ಥ, ಇನ್ನೊಂದರಲ್ಲಿ ಅದು ನಿಯಮ. ಅಧ್ಯಾಯವನ್ನು ಹೊಸ ಪುಟಕ್ಕೆ ಒಯ್ಯಲು ಎಂಟರ್ ಕೀಲಿಯನ್ನು ಇಪ್ಪತ್ತು ಸಲ ಒತ್ತುವುದೂ ಇದೇ ಜಾತಿಯ ಕೆಲಸ. ಕಂಟ್ರೋಲ್ ಮತ್ತು ಎಂಟರ್ ಕೀಲಿಗಳನ್ನು ಕೂಡಿಸಿ ಒಮ್ಮೆ ಒತ್ತಿದರೆ ಸಾಕು. ಶೀರ್ಷಿಕೆ ಅಗಲವಾಗಿ ಕಾಣಲೆಂದು ‘ಕ ನ್ನ ಡ’ ಎಂದು ಬಿಡಿಬಿಡಿಯಾಗಿ ಬರೆಯುವವರೂ ಉಂಟು. ಕಣ್ಣಿಲ್ಲದ ವಿದ್ಯಾರ್ಥಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಅದು ಒಂದು ಪದವಲ್ಲ, ಮೂರು.

ಇನ್ನು ಸಾಲುಗಳ ಅಂತರದ ಮಾತು. ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗುರುತರವಾದುದು ಇದೇ. ಇಂಗ್ಲಿಷ್ ಅಕ್ಷರಗಳಲ್ಲಿ ಕೆಲವು ಮಾತ್ರ ಸಾಲಿನಿಂದ ಕೆಳಕ್ಕೆ ಸ್ವಲ್ಪ ಇಳಿಯುವುವು. ಕನ್ನಡದಲ್ಲಿ ತಲೆಕಟ್ಟು, ಗುಡಿಸುಗಳು ಮೇಲಿದ್ದರೆ, ಒತ್ತಕ್ಷರವು ಕೆಳಗೆ ಒಂದು ಅಂತಸ್ತನ್ನೇ ಕಟ್ಟುವುದು. ‘ಶಾಸ್ತ್ರ’ ಎಂಬ ಪದದಲ್ಲಿ ಒಂದಲ್ಲ, ಎರಡು ಒತ್ತುಗಳಿವೆ. ಒಂದು ಅಂಗುಲವನ್ನು 72 ಪಾಲು ಮಾಡಿದರೆ ಬರುವ ಒಂದು ಪಾಲಿಗೆ ಪಾಯಿಂಟ್ ಎಂದು ಹೆಸರು. ವರ್ಡ್ ತಂತ್ರಾಂಶದಲ್ಲಿ ಸಾಲಿನ ಅಂತರವನ್ನು ‘ಎಗ್ಸಾಕ್ಟ್ಲಿ’ ಎಂದು ಇಷ್ಟೇ ಪಾಯಿಂಟ್‌ಗಳಿಗೆ ಬಿಗಿದರೆ, ಅಕ್ಷರಕ್ಕೆ ಎಷ್ಟು ಎಡೆ ಬೇಕೆಂಬುದನ್ನು ಯಂತ್ರ ವಿಚಾರಿಸುವುದೇ ಇಲ್ಲ. ಇಂಗ್ಲಿಷಿಗೆ ಸಾಲುವ ಅಳತೆಯಲ್ಲಿ ಕನ್ನಡದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದು, ಇಲ್ಲವೆ ಕತ್ತರಿಸಿಹೋಗುವುದು. ‘ಕತ್ತೆ’ಯ ಒತ್ತು ಹೋದರೆ ಉಳಿಯುವುದು ‘ಕತೆ’! ನಗುವ ವಿಷಯವೆನ್ನಬಹುದು, ಆದರೆ ಅರ್ಜಿಯಲ್ಲಿ ‘ಬಸಪ್ಪ’ ‘ಬಸಪ’ನಾಗಿ ಕಂಡರೆ ನಗಲಾಗದು. ‘ಅಟ್ ಲೀಸ್ಟ್’ ಎಂಬ ಆಯ್ಕೆಯಲ್ಲಿ ಕನಿಷ್ಠ ಅಳತೆಯನ್ನು ಮಾತ್ರ ಹೇಳಿ, ಬೇಕಾದರೆ ಹಿಗ್ಗಲು ಯಂತ್ರಕ್ಕೆ ಅನುಮತಿಯಿರುವುದು. ‘ಸಿಂಗಲ್’ ಎಂಬ ಆಯ್ಕೆಯೂ ಅಕ್ಷರಶೈಲಿ ತನಗೆ ಬೇಕೆಂದು ಹೇಳುವ ಎತ್ತರವನ್ನು ಅನುಸರಿಸುವುದು. ಇಂಗ್ಲಿಷ್ ಪ್ರಬಂಧಕ್ಕೆಂದು ಮಾಡಿದ ನಿಯಮಪತ್ರವನ್ನು ಹಾಗೆಯೇ ಕನ್ನಡ ಪ್ರಬಂಧದ ಮೇಲೆ ಹೇರುವ ವಿದ್ಯಾಲಯಗಳು ಇದನ್ನು ಪುನರ್ವಿಚಾರ ಮಾಡತಕ್ಕದ್ದು.

ಎರಡೂ ಅಂಚುಗಳನ್ನು ಸಮಮಾಡುವ ಹಟವನ್ನೂ ನಾವು ಒಪ್ಪಲಾರೆವು. ‘ಮಾಡಬೇಕಾಗಿರುವುದರಿಂದ’ ಎಂಬಂಥ ಪದಗಳು ನಮ್ಮಲ್ಲಿ ಸಾಮಾನ್ಯ. ಪದವನ್ನು ಒಡೆಯದೆ ಸಾಲನ್ನು ಎಳೆದರೆ, ಒಂದು ಸಾಲಿಗೆ ಮೂರೇ ಪದಗಳು ಉಳಿದು, ಅವುಗಳ ನಡುವೆ ಗಾಡಿ ಹಾಯುವಷ್ಟು ಬಯಲಾಗುವುದು. ಬಲದ ಅಂಚು ಸ್ವಲ್ಪ ಏರುಪೇರಾದರೆ ಓದುವವನಿಗೆ ನಷ್ಟವೇನೂ ಇಲ್ಲ.

ತೆರಪಿಗೆ ಅಗಲವೇ ಇಲ್ಲದಿದ್ದರೆ? ಅಂಥದೂ ಉಂಟು. ‘ಬೀದರ್’ ಎಂಬುದಕ್ಕೆ ‘ನಲ್ಲಿ’ ಸೇರಿಸಿ ಬರೆದರೆ ಯೂನಿಕೋಡ್ ಅದನ್ನು ಸಂಯುಕ್ತಾಕ್ಷರವೆಂದು ಬಗೆದು ‘ಬೀದರ್ನಲ್ಲಿ’ ಎಂದು ತೋರಿಸುವುದು. ಇದನ್ನು ತಪ್ಪಿಸಲು ಅನೇಕರು ನಡುವೆ ಸಾಧಾರಣ ತೆರಪು ಕೊಟ್ಟು ‘ಬೀದರ್ ನಲ್ಲಿ’ ಎನ್ನುವರು. ಆಗ ಸಾಲಿನ ಕೊನೆಯಲ್ಲಿ ಬೀದರ್ ಉಳಿದು, ‘ನಲ್ಲಿ’ ಮುಂದಿನ ಸಾಲಿಗೆ ಹೋಗಿ ನೀರಿನ ನಲ್ಲಿಯಾಗುವುದು. ಇಲ್ಲಿ ಬೇಕಾದುದು ಅಕ್ಷರಗಳನ್ನು ಕೂಡದಂತೆ ತಡೆಯುವ ಶೂನ್ಯ ಅಗಲದ ಚಿಹ್ನೆ. ಪಾರಸಿ ಬರಹದಲ್ಲಿಯೂ ಅದಕ್ಕೆ ಕೆಲಸವಿದೆ. ವರ್ಡ್‌ನಲ್ಲಿ 200 ಎಂಬ ಅಂಕಿಯನ್ನೂ ಅದರ ಮುಂದೆಯೇ ಇಂಗ್ಲಿಷಿನ ಸಿ ಅಕ್ಷರವನ್ನೂ ಬರೆದು, ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ದೊರೆಯುವುದು. ‘ಬೀದರ್‌ನಲ್ಲಿ’ ಎಂದು ಸರಿಯಾಗಿ ಮೂಡುವುದು. ನಮ್ಮ ಹಿರಿಯರಂತೆ ‘ಬೀದರಿನಲ್ಲಿ’, ‘ಹುಮನಾಬಾದಿನಲ್ಲಿ’ ಎಂದು ಬರೆಯುವವರಿಗೆ ಈ ತೊಡಕೇ ಇಲ್ಲವೆಂಬುದನ್ನೂ ಹೇಳಬೇಕು.

ಇದರ ಸೋದರ ಚಿಹ್ನೆಯೊಂದು ಅಕ್ಷರಗಳ ಜೋಡಣೆಯ ರೀತಿಯನ್ನು ಬದಲಿಸುವುದು. ಅದರ ಪ್ರಭಾವವನ್ನು ನಿರ್ಣಾ ಎಂಬ ಹೆಸರಿನಲ್ಲಿಯೇ ಕಾಣಬಹುದು. ಸಹಜವಾಗಿ ಬರೆದರೆ ‘ನಿರ್ಣಾ’ ಎಂದು ಅರ್ಕಾವೊತ್ತು ಬರುವುದು. ಆ ಚಿಹ್ನೆಯನ್ನು ರಕಾರದ ಮುಂದಿಟ್ಟರೆ ‘ನಿರ‍್ಣಾ’ ಎಂದು ಣಕಾರ ಕೆಳಗಿಳಿಯುವುದು. ಓದಿಗೆ ಎರಡೂ ಒಂದೇ, ಊರೂ ಒಂದೇ. ಗಣಕದ ಒಳಗೆ ಮಾತ್ರ ಅವು ಎರಡು ಬೇರೆ ಅಕ್ಷರಮಾಲೆಗಳು. ಊರುಗಳ ಪಟ್ಟಿಯಲ್ಲಿ ಒಂದು ರೂಪವನ್ನು ಹುಡುಕಿದರೆ ಇನ್ನೊಂದು ರೂಪದಲ್ಲಿರುವ ಊರು ಕೆಲವು ತಂತ್ರಾಂಶಗಳಿಗೆ ಸಿಕ್ಕದೆ ಹೋಗಬಹುದು. ಆದುದರಿಂದ ಒಂದು ಬರಹದ ಉದ್ದಕ್ಕೂ ಒಂದೇ ರೂಪವನ್ನು ಬಳಸಿರಿ. ನಮಗೆ ಮೆಚ್ಚಾದುದು ಮೊದಲನೆಯದು: ಅರ್ಕಾವೊತ್ತು ಸಾಲಿನಲ್ಲಿಯೇ ಪಕ್ಕಕ್ಕೆ ನಿಲ್ಲುವುದರಿಂದ, ಕೆಳಗಿನ ಸಾಲಿನ ಎಡೆಯನ್ನು ಅದು ಬೇಡುವುದಿಲ್ಲ.