ತೊಳೆಯಲು ಕೊಟ್ಟ ಗಾಲಿಗಳು



ಈ ಪುಟದಲ್ಲಿ ಅಡುಗೆಮನೆ, ಹಿತ್ತಿಲು, ಬ್ಯಾಂಕಿನ ಪುಸ್ತಕ ಇವುಗಳ ಸಂಗತಿಯನ್ನೇ ಹೆಚ್ಚಾಗಿ ಬರೆಯುತ್ತ ಬಂದಿದ್ದೇನೆ. ಈ ತಿಂಗಳು ಕಾರಿನ ಗಾಲಿಗಳ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಕೆಲವರಾದರೂ ಹುಬ್ಬೇರಿಸಬಹುದು. ಆದರೆ ಕಾರು ಶ್ರೀಮಂತರ ಬಾಗಿಲಲ್ಲಿ ಮಾತ್ರ ನಿಲ್ಲುತ್ತಿದ್ದ ಕಾಲ ಕಳೆದು ಬಹಳ ದಿನಗಳಾದವು. ನಮ್ಮ ಸತ್ತೇಗಾಲದಲ್ಲಿಯೂ ಕೊಟ್ಟಿಗೆಯ ಮಗ್ಗುಲಲ್ಲಿ ಟಾರ್ಪಾಲು ಹೊದ್ದು ನಿಂತ ಹಳೆಯ ಕಾರುಗಳನ್ನು ಕಾಣಬಹುದು. ಅವುಗಳಲ್ಲಿ ಒಂದು ನಮ್ಮದು. ಮಗನು ಸಾಲ ಮಾಡಿ, ಇನ್ನೊಬ್ಬರು ಬಳಸಿ ಬಿಟ್ಟದ್ದನ್ನು ಕೊಂಡದ್ದು; ಅದರ ಕಂತುಗಳು ಇನ್ನೂ ತೀರಿಲ್ಲ.

ಕಳೆದ ವರ್ಷ ಮಹಾಲಯ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಅದರಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿಬಂದೆವು. ಕೊಳ್ಳೇಗಾಲ, ಹನೂರು, ಕೌದಳ್ಳಿಗಳನ್ನು ದಾಟಿ ತಾಳಬೆಟ್ಟದಿಂದ ಮೇಲೇರುವ ದಾರಿಯನ್ನು ಬಲ್ಲವರಿಗೆ ವಿವರಿಸಬೇಕಾದದ್ದಿಲ್ಲ. ಏರುವಾಗ ಎಂಜಿನ್ನು ದಣಿಯುತ್ತದೆ, ಇಳಿಯುವಾಗ ಬ್ರೇಕು ದಣಿಯುತ್ತದೆ. ಮನೆ ಸೇರಿದಾಗ ಮುಂದಿನ ಎರಡು ಗಾಲಿಗಳು ಒಲೆಯ ಬಾಯಿಯಂತೆ ಕಪ್ಪಿಟ್ಟಿದ್ದವು. ಇದನ್ನು ರಸ್ತೆಯ ಧೂಳೆಂದು ನಾವೆಲ್ಲ ತಿಳಿಯುತ್ತೇವೆ. ನಿಜವಾಗಿ ಅದು ಬ್ರೇಕಿನ ಧೂಳು. ತಿರುಗುವ ಬೀಡುಕಬ್ಬಿಣದ ಬಿಲ್ಲೆಯನ್ನು ಬ್ರೇಕಿನ ಪ್ಯಾಡು ಒತ್ತಿ ಹಿಡಿದಾಗ ಎರಡೂ ಸವೆದು, ಕಾದ ಕಬ್ಬಿಣದ ಸೂಕ್ಷ್ಮ ಕಣಗಳು ಸಿಡಿದು ಗಾಲಿಯ ಮೇಲ್ಮೈಗೆ ಕಚ್ಚಿಕೊಳ್ಳುತ್ತವೆ. ನೀರು ಬಿದ್ದೊಡನೆ ಅವು ತುಕ್ಕು ಹಿಡಿದು ಇನ್ನಷ್ಟು ಬಿಗಿಯಾಗಿ ಕೂರುತ್ತವೆ. ಬ್ರೇಕಿನ ಭಾರವು ಬಹುಪಾಲು ಮುಂದಿನ ಗಾಲಿಗಳ ಮೇಲೆಯೇ ಬೀಳುವುದರಿಂದ ಕಪ್ಪು ಕೂಡ ಮುಂದೆಯೇ ಹೆಚ್ಚು.

ಆಯುಧಪೂಜೆ ಹತ್ತಿರ ಬಂದಿತ್ತು. ಪೂಜೆಗೆ ನಿಲ್ಲಿಸುವ ವಾಹನ ಕೊಳಕಾಗಿರಬಾರದೆಂದು ಮಗನು ಅದನ್ನು ಪಟ್ಟಣದಲ್ಲಿ ವಾಹನ ಶುಚಿಗೊಳಿಸುವುದನ್ನೇ ವೃತ್ತಿಯಾಗಿಸಿಕೊಂಡ ಅಂಗಡಿಯೊಂದಕ್ಕೆ ಒಯ್ದನು. ಅಂಗಡಿಯ ಹೆಸರು ಇಲ್ಲಿ ಬೇಡ. ಹಬ್ಬದ ಮುಂಚಿನ ದಿನವಾದ್ದರಿಂದ ವಾಹನಗಳ ಸಾಲು ಉದ್ದವಿತ್ತು, ಕೆಲಸಗಾರರು ಅವಸರದಲ್ಲಿದ್ದರು. ಊರಿನಿಂದ ಓಡಿಸಿಕೊಂಡು ಹೋಗಿ ನಿಲ್ಲಿಸಿದ ಕಾರಿನ ಬಿಸಿ ಗಾಲಿಗಳಿಗೆ ಒಬ್ಬ ಹುಡುಗನು ಪ್ಲಾಸ್ಟಿಕ್ ಕ್ಯಾನಿನಿಂದ ಏನನ್ನೋ ಚಿಮುಕಿಸಿ, ಬೇರೊಂದು ಕಾರಿನ ಕಡೆಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬಂದು ಉಜ್ಜಿ ತೊಳೆದನಂತೆ. ಗಾಲಿಗಳು ಬೆಳ್ಳಿಯಂತೆ ಹೊಳೆದವು. ಮಗನು ಸಂತೋಷದಿಂದಲೇ ಹಣ ತೆತ್ತು ಬಂದನು.

ಮರುದಿನ ಬೆಳಿಗ್ಗೆ ಕುಂಕುಮ ಹಚ್ಚಲು ಬಗ್ಗಿದಾಗ ನಮ್ಮ ಮನೆಯವರ ಕಣ್ಣಿಗೆ ಮೊದಲು ಬಿತ್ತು. ಗಾಲಿಯ ಕಡ್ಡಿಗಳ ಮೇಲಿಂದ ಅಂಚಿನವರೆಗೆ ಬಿಳಿಯ ಗೆರೆಗಳು, ಮಜ್ಜಿಗೆ ಚೆಲ್ಲಿ ಒಣಗಿದಂತೆ. ಸೋಪಿನ ನೀರು ಒಣಗಿರಬೇಕೆಂದು ನಾನು ಒದ್ದೆ ಬಟ್ಟೆಯಿಂದ ಒರೆಸಿದೆ, ಹೋಯಿತು. ಒಣಗಿದೊಡನೆ ಮತ್ತೆ ಬಂತು. ಆಗ ಮಾಡಬಾರದ ಕೆಲಸವನ್ನು ಮಾಡಿದೆ. ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ತಂದು ಒಂದು ಗಾಲಿಯನ್ನು ಚೆನ್ನಾಗಿ ತಿಕ್ಕಿದೆ. ಬಿಳಿ ಹೋಗಲಿಲ್ಲ, ಇದ್ದ ಹೊಳಪೂ ಹೋಯಿತು. ಈ ತಪ್ಪಿಗೆ ನಾನು ಆಮೇಲೆ ತೆರಬೇಕಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಆದದ್ದೇನೆಂಬುದನ್ನು ನಮ್ಮ ತಾಯಂದಿರು ರಸಾಯನಶಾಸ್ತ್ರ ಓದದೆಯೇ ಬಲ್ಲರು. ಹಿತ್ತಾಳೆ, ತಾಮ್ರದ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಥಳಥಳಿಸುತ್ತದೆ. ಆದರೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಯ ಸಾರನ್ನು ರಾತ್ರಿಯೆಲ್ಲ ಇಟ್ಟರೆ ತಳದಲ್ಲಿ ಸೂಜಿಮೊನೆಯಂಥ ಗುಳಿಗಳು ಬೀಳುತ್ತವೆ. ಅದೇ ಪಾತ್ರೆಯಲ್ಲಿ ವಾಷಿಂಗ್ ಸೋಡಾ ಕುದಿಸಿದರೆ ಕಪ್ಪಾಗುತ್ತದೆ. ಅಲ್ಯೂಮಿನಿಯಂ ಲೋಹಕ್ಕೆ ಹುಳಿಯೂ ಆಗದು, ಕ್ಷಾರವೂ ಆಗದು. ಗಾಳಿ ತಗುಲಿದೊಡನೆ ತನ್ನ ಮೈಮೇಲೆ ತಾನೇ ಹೊದ್ದುಕೊಳ್ಳುವ, ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡಿನ ಪೊರೆಯೊಂದೇ ಅದರ ರಕ್ಷಣೆ. ಬಲವಾದ ಆಮ್ಲವಾಗಲಿ ಬಲವಾದ ಕ್ಷಾರವಾಗಲಿ ಆ ಪೊರೆಯನ್ನು ಕರಗಿಸಿಬಿಡುತ್ತದೆ.

ಈಚಿನ ಕಾರುಗಳ ಅಲಾಯ್ ಗಾಲಿಗಳು ಬಹುತೇಕ ಇದೇ ಅಲ್ಯೂಮಿನಿಯಂಗೆ ಸಿಲಿಕಾನು ಮತ್ತು ಸ್ವಲ್ಪ ಮೆಗ್ನೀಷಿಯಂ ಸೇರಿಸಿ ಎರಕ ಹೊಯ್ದವು. ಮೇಲೆ ಬಣ್ಣ, ಬಣ್ಣದ ಮೇಲೆ ಗಾಜಿನಂತೆ ಪಾರದರ್ಶಕವಾದ ಮೆರುಗಿನ ಲೇಪ. ಕೆಲವು ಗಾಲಿಗಳ ಮುಖವನ್ನು ಲೇತ್ ಯಂತ್ರದಲ್ಲಿ ಕೊರೆದು ಬರಿಯ ಲೋಹವೇ ಮಿನುಗುವಂತೆ ಮಾಡಿರುತ್ತಾರೆ. ಅವಕ್ಕೆ ಮೆರುಗಿನ ಲೇಪವೊಂದೇ ಕಾವಲು. ಕಲ್ಲು ಬಡಿದು, ಬಿಸಿಲಿಗೆ ಬಿರಿದು ಆ ಲೇಪದಲ್ಲಿ ಎಲ್ಲಿಯಾದರೂ ಸಂದು ಬಿದ್ದಿದ್ದರೆ ಆಮ್ಲವು ಅಲ್ಲಿಂದ ಒಳನುಗ್ಗುತ್ತದೆ. ಗಾಲಿ ಬಿಸಿಯಾಗಿದ್ದರೆ ನೀರಿನಂಶ ಬೇಗ ಆವಿಯಾಗಿ ಉಳಿದದ್ದು ಇನ್ನಷ್ಟು ತೀಕ್ಷ್ಣವಾಗುತ್ತದೆ. ಒದ್ದೆಯಾಗಿದ್ದಾಗ ಮಾಯವಾಗಿ ಒಣಗಿದಾಗ ಮೂಡುವ ಬಿಳುಪು ಇದರ ಗುರುತು. ಅದು ಮೇಲೆ ಕೂತ ಕೊಳೆಯಲ್ಲವಾದ್ದರಿಂದ ಎಷ್ಟು ತಿಕ್ಕಿದರೂ ಹೋಗದು.

ನಮ್ಮ ಅನುಮಾನವನ್ನು ಗಟ್ಟಿ ಮಾಡಿದ್ದು ಗಾಲಿಯ ನಟ್ಟುಗಳು. ಸತುವಿನ ಲೇಪವಿದ್ದ ಅವು ಮೂರೇ ದಿನಗಳಲ್ಲಿ ಕೆಂಪಗೆ ತುಕ್ಕು ಹಿಡಿದವು. ಬೆಟ್ಟದ ಮಳೆಯಲ್ಲಿ, ಕಾವೇರಿಯ ದಂಡೆಯ ಕೆಸರಿನಲ್ಲಿ ಓಡಾಡಿಯೂ ಹಿಡಿಯದ ತುಕ್ಕು ಒಂದು ಸ್ನಾನಕ್ಕೆ ಹೇಗೆ ಹಿಡಿಯಿತು? ಮಗನು ನಾಲ್ಕೂ ಗಾಲಿಗಳ ಚಿತ್ರಗಳನ್ನು ಹತ್ತಿರದಿಂದ, ದೂರದಿಂದ ತೆಗೆದನು. ಅದೃಷ್ಟವೆಂದರೆ ಬೆಟ್ಟದ ಮೇಲೆ ಕಾರಿನ ಮುಂದೆ ಮಕ್ಕಳನ್ನು ನಿಲ್ಲಿಸಿ ತೆಗೆದ ಚಿತ್ರವೊಂದಿತ್ತು. ಅದರಲ್ಲಿ ಗಾಲಿ ಕಪ್ಪಾಗಿದ್ದರೂ ಕಲೆಯಿಲ್ಲದೆ ಇತ್ತು.

ಇಬ್ಬರೂ ಅಂಗಡಿಗೆ ಹೋದೆವು. ಮಾಲೀಕರು ಮೊದಲು ನಕ್ಕರು, ಆಮೇಲೆ ಹಳೆಯ ಗಾಲಿಯೆಂದರು, ಆಮೇಲೆ ಬಿಲ್ಲಿನ ಕೆಳಗೆ ಅಚ್ಚಾಗಿದ್ದ ಸಾಲನ್ನು ಬೆರಳಿಟ್ಟು ತೋರಿಸಿದರು: ವಾಹನಕ್ಕೆ ಆಗುವ ಹಾನಿಗೆ ನಾವು ಹೊಣೆಯಲ್ಲ. ಕ್ಯಾನಿನಲ್ಲಿ ಇದ್ದದ್ದೇನೆಂದು ನಾನು ಕೇಳಿದೆ. ಕ್ಯಾನಿನ ಮೇಲೆ ಚೀಟಿ ಇರಲಿಲ್ಲ. ಮುಚ್ಚಳ ತೆಗೆದಾಗ ಮೂಗಿಗೆ ಹೊಡೆದ ವಾಸನೆ ಯಾರಿಗೂ ಹೊಸದಲ್ಲ. ಸ್ನಾನಗೃಹದ ಹಾಸುಬಿಲ್ಲೆ ತೊಳೆಯುವ ಆಸಿಡ್ಡಿಗೆ ನೀರು ಬೆರೆಸಿದ್ದೆಂದು ಕೊನೆಗೆ ಅವರೇ ಒಪ್ಪಿದರು. ಅದು ಹೈಡ್ರೋಕ್ಲೋರಿಕ್ ಆಮ್ಲ. ಗಾಲಿಗೆಂದೇ ಮಾಡಿದ ದ್ರವಕ್ಕೆ ಬೆಲೆ ಹೆಚ್ಚು, ಇದಕ್ಕೆ ಕಡಿಮೆ. ಹಬ್ಬದ ಸಾಲು ಬೇಗ ಕರಗುತ್ತದೆ.

ಅಷ್ಟರಲ್ಲಿ ಮಾಲೀಕರು ಆ ಹುಡುಗನನ್ನು ಕರೆದು, ನಮ್ಮೆದುರಿಗೇ, ಈ ನಷ್ಟವನ್ನು ನಿನ್ನ ಕೂಲಿಯಲ್ಲಿ ಹಿಡಿಯುತ್ತೇನೆಂದು ಗದರಿದರು. ಹುಡುಗನು ತಲೆ ತಗ್ಗಿಸಿ ಕೈ ಒರೆಸಿಕೊಳ್ಳುತ್ತಿದ್ದನು. ಆ ಕೈಗಳನ್ನು ನಾನು ನೋಡಿದೆ. ಬೆರಳ ತುದಿಗಳ ಚರ್ಮ ಸುಲಿದು ಬಿಳಚಿತ್ತು, ಉಗುರಿನ ಸುತ್ತ ಬಿರುಕುಗಳು. ಕೈಗವಸು ಇರಲಿಲ್ಲ. ನಮ್ಮ ಗಾಲಿಗೆ ಒಂದು ದಿನ ಬಿದ್ದದ್ದು ಅವನ ಕೈಗೆ ದಿನವೂ ಬೀಳುತ್ತಿತ್ತು. ಕಾಯಕದ ಮಹಿಮೆಯನ್ನು ಸಭೆಗಳಲ್ಲಿ ಕೇಳಿ ತಲೆದೂಗುವ ನನಗೆ ಆ ಕ್ಷಣದಲ್ಲಿ ಬಾಯಿ ಕಟ್ಟಿತು. ನಾನು ಗಾಲಿಯ ಹಣ ಕೇಳಿದರೆ ಅದು ಯಾರ ಕಿಸೆಯಿಂದ ಬರುವುದೆಂಬುದು ಸ್ಪಷ್ಟವಾಗಿತ್ತು. ಕೇಳದೆ ಹೋದರೆ ಕ್ಯಾನು ಅಲ್ಲಿಯೇ ಇರುತ್ತದೆ, ಅವನ ಕೈಯೂ ಹಾಗೆಯೇ ಇರುತ್ತದೆ. ಏನೂ ತೀರ್ಮಾನಿಸದೆ ಮನೆಗೆ ಬಂದೆವು.

ಗಾಲಿ ತೊಳೆಯುವ ಕೆಲವು ದ್ರವಗಳಲ್ಲಿ ಇದಕ್ಕಿಂತ ಘೋರವಾದ ಹೈಡ್ರೋಫ್ಲೋರಿಕ್ ಆಮ್ಲವೋ ಅದನ್ನು ಹುಟ್ಟಿಸುವ ಅಮೋನಿಯಂ ಬೈಫ್ಲೋರೈಡ್ ಎಂಬ ಲವಣವೋ ಇರುವುದುಂಟು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ತೆಳುವಾಗಿದ್ದಾಗ ಅದು ಚರ್ಮಕ್ಕೆ ತಗುಲಿದ್ದು ಕೂಡಲೇ ತಿಳಿಯದೆ ಗಂಟೆಗಳ ಮೇಲೆ ನೋವು ಏಳಬಹುದು. ಒಳಗಿಳಿದು ದೇಹದ ಕ್ಯಾಲ್ಸಿಯಮ್ಮನ್ನೇ ಹಿಡಿದುಕೊಳ್ಳುತ್ತದೆ. ಧಾರಾಳವಾದ ನೀರಿನಲ್ಲಿ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ತಗುಲಿದ್ದು ಯಾವುದೆಂದು ವೈದ್ಯರಿಗೆ ಹೇಳಬೇಕು. ಅದಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೊನೇಟ್ ಲೇಪವೇ ಬೇರೆ. ಚೀಟಿಯಿಲ್ಲದ ಕ್ಯಾನಿನ ಅಪಾಯ ಇದು.

ಕಾನೂನಿನ ಮಾತಿಗೆ ಬರೋಣ. ಬಿಲ್ಲಿನ ಕೆಳಗಿನ ಆ ಸಾಲಿಗೆ ಹೆದರಿ ಹಿಂತಿರುಗುವವರೇ ಹೆಚ್ಚು. 1872ರ ಭಾರತೀಯ ಕರಾರು ಕಾಯಿದೆಯ 151ನೆಯ ಕಲಮಿನ ಪ್ರಕಾರ, ಇನ್ನೊಬ್ಬರ ವಸ್ತುವನ್ನು ತನ್ನ ವಶಕ್ಕೆ ತೆಗೆದುಕೊಂಡವನು, ವಿವೇಕಿಯಾದ ಸಾಮಾನ್ಯ ಮನುಷ್ಯನು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ನೋಡಿಕೊಳ್ಳಬೇಕು. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ನೌಕರನ ಕೈಗೆ ಕೀಲಿ ಕೊಟ್ಟು ನಿಲ್ಲಿಸಿದ ಮಾರುತಿ ಜೆನ್ ಕಾರೊಂದು ಕಳುವಾಯಿತು. ಚೀಟಿಯ ಮೇಲೆ ವಾಹನದ ಹೊಣೆ ಮಾಲೀಕರದೇ ಎಂದು ಅಚ್ಚಾಗಿತ್ತು. ಆ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ತನ್ನ ಅಥವಾ ತನ್ನ ನೌಕರರ ನಿರ್ಲಕ್ಷ್ಯದ ಹೊಣೆಯನ್ನು ಇಂತಹ ಸಾಲಿನಿಂದ ಹೋಟೆಲು ತಪ್ಪಿಸಿಕೊಳ್ಳಲಾಗದೆಂದು 2019ರ ನವೆಂಬರಿನಲ್ಲಿ ತೀರ್ಪಾಯಿತು. ಹೋಟೆಲಿನ ಕಾರಿಗೆ ಸಲ್ಲುವ ನ್ಯಾಯವನ್ನು ತೊಳೆಯಲು ಕೊಟ್ಟ ಕಾರಿನ ಪರವಾಗಿಯೂ ಮುಂದಿಡಬಹುದು.

1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಜಾಗದಲ್ಲಿ 2019ರ ಹೊಸ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಹಣ ಪಡೆದು ಮಾಡಿದ ಕೆಲಸದಲ್ಲಿ ಲೋಪವಾದರೆ ಅದು ಸೇವಾ ನ್ಯೂನತೆ. ಹಳ್ಳಿಯವರಿಗೆ ಇದರಲ್ಲಿ ದೊಡ್ಡ ಅನುಕೂಲವೊಂದಿದೆ: ಅಂಗಡಿ ಮೈಸೂರಿನಲ್ಲಿರಲಿ, ಬೆಂಗಳೂರಿನಲ್ಲಿರಲಿ, ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ನಮಗೆ ಅದು ಚಾಮರಾಜನಗರ. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರಿರಲೇಬೇಕೆಂಬ ನಿಯಮವಿಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಬಹುದು. ಬಿಲ್ಲು, ಚಿತ್ರಗಳು, ಕೊಟ್ಟ ಪತ್ರದ ಪ್ರತಿ ಇವು ಇಲ್ಲದಿದ್ದರೆ ಮಾತ್ರ ಯಾವ ಬಾಗಿಲಲ್ಲಿಯೂ ಮಾತು ನಿಲ್ಲದು.

ಈ ತಿಳಿವಳಿಕೆಯನ್ನು ಕೈಯಲ್ಲಿಟ್ಟುಕೊಂಡು ನಾನು ಒಂದು ಪುಟದ ಪತ್ರ ಬರೆದೆ. ದಿನಾಂಕ, ತೊಳೆಸಿದ ಹೊತ್ತು, ಕ್ಯಾನಿನ ವಿಷಯದಲ್ಲಿ ಅವರೇ ಆಡಿದ ಮಾತು, ನಟ್ಟುಗಳ ತುಕ್ಕು ಎಲ್ಲವನ್ನೂ ಬರೆದು, ಕೊನೆಗೆ ಎರಡು ಬೇಡಿಕೆ: ಗಾಲಿಗಳನ್ನು ಸರಿಪಡಿಸಿಕೊಡಬೇಕು, ಇದಕ್ಕಾಗಿ ಕೆಲಸಗಾರನ ಕೂಲಿ ಹಿಡಿಯಬಾರದು. ಎರಡನೆಯದನ್ನು ಓದಿ ಮಗನಿಗೆ ಕೋಪ ಬಂತು. ನಮ್ಮ ಹಣ ಬಂದರೆ ಸಾಲದೆ, ಅವರ ಅಂಗಡಿಯ ಲೆಕ್ಕ ನಮಗೇಕೆ ಎಂದನು. ಕಂತು ಕಟ್ಟುವವನು ಅವನು. ಅವನ ಮಾತನ್ನು ತಳ್ಳಿಹಾಕುವುದು ನನಗೂ ಸುಲಭವಾಗಿರಲಿಲ್ಲ. ಎರಡು ದಿನ ಪತ್ರ ಮೇಜಿನ ಮೇಲೆಯೇ ಇತ್ತು. ಮೂರನೆಯ ದಿನ ಅವನೇ ಅದನ್ನು ಒಯ್ದು ಕೊಟ್ಟು, ಪ್ರತಿಯ ಮೇಲೆ ಸಹಿ ಪಡೆದು ಬಂದನು.

ಮಾಲೀಕರು ಒಂದು ವಾರದ ಮೇಲೆ ಫೋನು ಮಾಡಿದರು. ಗಾಲಿ ಕೆಲಸದವರು ನೋಡಿ ಹೇಳಿದ್ದು ಹೀಗೆ: ಹಿಂದಿನ ಎರಡು ಗಾಲಿಗಳಲ್ಲಿ ಮೆರುಗಿನ ಲೇಪ ಮಾತ್ರ ಮಬ್ಬಾಗಿದೆ, ಪಾಲಿಷ್ ಮಾಡಿದರೆ ಬರುತ್ತದೆ. ಮುಂದಿನ ಒಂದರಲ್ಲಿ ಲೋಹವೇ ಕಚ್ಚಿದೆ. ಹಳೆಯ ಲೇಪವನ್ನೆಲ್ಲ ತೆಗೆದು ಹೊಸದಾಗಿ ಬಳಿಯಬೇಕು. ಇವು ಮೂರಕ್ಕೂ ಮಾಲೀಕರು ಹಣ ಕೊಟ್ಟರು. ನಾಲ್ಕನೆಯದು ನಾನು ಉಕ್ಕಿನ ನಾರಿನಿಂದ ತಿಕ್ಕಿದ್ದು. ಆಮ್ಲದ ಕಲೆ ಯಾವುದು, ನನ್ನ ಗೀರು ಯಾವುದೆಂದು ಬೇರ್ಪಡಿಸಿ ಹೇಳಲಾಗದೆಂದು ಕೆಲಸದವರು ಕೈಯಾಡಿಸಿದರು. ಅದರ ಖರ್ಚು ನನ್ನದಾಯಿತು. ಟೈರನ್ನು ಬಿಚ್ಚಿ ಮತ್ತೆ ಕೂರಿಸುವುದರಿಂದ ಸಮತೋಲವನ್ನು ಹೊಸದಾಗಿ ನೋಡಿಸಬೇಕಾಯಿತು. ಸ್ವಲ್ಪ ದೂರ ಓಡಿಸಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿಕೊಳ್ಳಬೇಕೆಂದು ಅವರು ಹೇಳಿದ್ದನ್ನು ಮರೆಯಬಾರದು, ಬೆಟ್ಟದ ದಾರಿಯವರಂತೂ ಮರೆಯಲೇಬಾರದು.

ಈಗ ನಾವು ಗಾಲಿಗಳನ್ನು ಮನೆಯಲ್ಲಿಯೇ ತೊಳೆಯುತ್ತೇವೆ. ಮುಟ್ಟಿದರೆ ತಣ್ಣಗಿರಬೇಕು, ಕಾರಿಗೆಂದೇ ಮಾಡಿದ, ಆಮ್ಲವೂ ಕ್ಷಾರವೂ ಅಲ್ಲದ ಶಾಂಪೂ, ಮೃದುವಾದ ಕುಂಚ, ಧಾರಾಳ ನೀರು. ಒಂದು ಗಾಲಿ ಮುಗಿಸಿ ತೊಳೆದು ಮತ್ತೊಂದಕ್ಕೆ ಹೋಗುವುದು. ಕಬ್ಬಿಣದ ಕಣಗಳನ್ನು ಕರಗಿಸುವ ದ್ರವ ಬೇರೆ ಸಿಗುತ್ತದೆ. ಹಚ್ಚಿದಾಗ ನೇರಳೆ ಬಣ್ಣ ಇಳಿಯುವುದನ್ನು ಕಂಡು ಗಾಬರಿಯಾಗಬೇಕಿಲ್ಲ, ಆದರೆ ಅದನ್ನೂ ಒಣಗಲು ಬಿಡಬಾರದು, ಬರಿಗೈಯಲ್ಲಿ ಮುಟ್ಟಬಾರದು. ಹೊರಗೆ ಕೊಡಲೇಬೇಕಾದವರು ಮೊದಲು ನಾಲ್ಕು ಚಿತ್ರ ತೆಗೆದುಕೊಂಡು, ಗಾಲಿಗೆ ಯಾವುದನ್ನು ಹಾಕುತ್ತೀರಿ, ಅದರ ಚೀಟಿ ತೋರಿಸಿ ಎಂದು ಕೇಳಿ. ಕೇಳಲು ಸಂಕೋಚವಾಗುತ್ತದೆ, ನನಗೂ ಆಗುತ್ತಿತ್ತು.

ಸಂಕ್ರಾಂತಿಯ ಹೊತ್ತಿಗೆ ಒಮ್ಮೆ ಆ ಅಂಗಡಿಯ ಮುಂದೆ ಹಾದುಹೋದೆ. ಹುಡುಗನು ಅಲ್ಲಿಯೇ ಇದ್ದನು. ಕೈಗೆ ಮೊಣಕೈವರೆಗಿನ ರಬ್ಬರಿನ ಗವಸು ಇತ್ತು; ಬಲಗೈಯದು ಹೆಬ್ಬೆರಳಿನ ಬಳಿ ಹರಿದಿತ್ತು. ಕೂಲಿ ಹಿಡಿದರೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿ, ಮಾಲೀಕರ ಕಡೆಗೊಮ್ಮೆ ನೋಡಿ, ಕೆಲಸಕ್ಕೆ ಬಗ್ಗಿದನು.