ಬಿಡಿಭಾಗ ಯಾರ ಕೈಲಿದೆ?

ಕಾವೇರಿ ಎಂಜಿನ್ನಿನ ಹೆಸರೆತ್ತಿದರೆ ಸಾಕು, ನಮ್ಮಲ್ಲಿ ಅನೇಕರಿಗೆ ನಗು ಬರುತ್ತೆ. 1989ರಲ್ಲಿ ಮಂಜೂರಾದ ಯೋಜನೆ, ಬೆಂಗಳೂರಿನ ಜಿ.ಟಿ.ಆರ್.ಇ. ಕೈಗೆತ್ತಿಕೊಂಡದ್ದು, ತೇಜಸ್ ವಿಮಾನಕ್ಕೆ ಕೂಡಿಬರಲೇ ಇಲ್ಲ. "ಹೊರಗಿನಿಂದ ಕೊಂಡ್ಕೊಂಡ್ರೆ ಆಯ್ತಪ್ಪ, ಅಗ್ಗವೂ ಹೌದು, ಬೇಗವೂ ಹೌದು" ಅನ್ನೋದು ಎಲ್ಲರ ತೀರ್ಪು. ಕಾಮರ್ಸ್ ಓದುವ ನನಗೆ ಈ ಲೆಕ್ಕವೇ ಅರ್ಧ ಅನ್ನಿಸುತ್ತೆ.

ಮೊದಲು ನಗುವವರ ವಿಷಯ. ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಟಿ.ಎಫ್.30 ಎಂಜಿನ್ ನೋಡಿ. ಆಫ್ಟರ್‌ಬರ್ನರ್ ಸಮೇತ ತಯಾರಿಕೆಗೆ ಬಂದ ಪ್ರಪಂಚದ ಮೊದಲ ಟರ್ಬೋಫ್ಯಾನ್ ಅದು. ಮುಂದಿನ ಫ್ಯಾನ್ ಎಳೆದ ಗಾಳಿಯಲ್ಲಿ ಒಂದು ಪಾಲು ಮಾತ್ರ ಒಲೆಗೆ ಹೋಗುತ್ತೆ, ಉಳಿದದ್ದು ಸುತ್ತು ಬಳಸಿ ಹಿಂದಕ್ಕೆ ಹೋಗುತ್ತೆ, ಇಂಧನ ಉಳಿತಾಯ. ಕಾಗದದ ಮೇಲೆ ಬಹಳ ಚೆನ್ನ. 1964ರ ಡಿಸೆಂಬರಿನಲ್ಲಿ ಎಫ್-111 ವಿಮಾನ ಇದರ ಬಲದಿಂದ ಹಾರಿತು. ಆಮೇಲೆ ಗೊತ್ತಾಯ್ತು, ಗಾಳಿ ಒಂದೇ ಸಮನೆ ಒಳಕ್ಕೆ ಬರದಿದ್ದರೆ ಕಂಪ್ರೆಸರ್ ಉಸಿರುಕಟ್ಟಿಕೊಳ್ಳುತ್ತೆ ಅಂತ. ಗಾಳಿ ನುಗ್ಗುವ ಬಾಯನ್ನೇ ಮತ್ತೆ ಮತ್ತೆ ತಿದ್ದಬೇಕಾಯ್ತು. 1970ರಲ್ಲಿ ಹಾರಿದ ಎಫ್-14ಕ್ಕೂ ತಾತ್ಕಾಲಿಕವಾಗಿ ಅಂತ ಇದನ್ನೇ ಕೂಡಿಸಿದರು. ಬರಬೇಕಿದ್ದ ಹೊಸ ಎಂಜಿನ್ ರದ್ದಾಯ್ತು, ತಾತ್ಕಾಲಿಕವೇ ಕಾಯಂ ಆಯ್ತು. 1984ರಲ್ಲಿ ಅಲ್ಲಿನ ನೌಕಾಪಡೆಯ ಕಾರ್ಯದರ್ಶಿ ಜಾನ್ ಲೇಮನ್ ಅವರೇ ಈ ಎಂಜಿನ್ನಿಗೂ ಆ ವಿಮಾನಕ್ಕೂ ಜೋಡಿ ಸರಿಯಿಲ್ಲ ಅಂತ ಬಾಯಿಬಿಟ್ಟು ಹೇಳಿದರು. ಅಷ್ಟು ದುಡ್ಡು, ಅಷ್ಟು ಅನುಭವ ಇದ್ದವರ ಪಾಡೇ ಇದು.

ಇನ್ನು ಕೊಂಡವರ ವಿಷಯ. ಇರಾನಿನ ಷಾ 80 ಎಫ್-14 ವಿಮಾನಗಳಿಗೆ ಆರ್ಡರ್ ಕೊಟ್ಟು 79 ಪಡೆದಿದ್ದರು. 1979ರಲ್ಲಿ ಕ್ರಾಂತಿ, ಅಮೆರಿಕ ಬಾಗಿಲು ಹಾಕಿತು. ಮರುವರ್ಷವೇ ಇರಾಕಿನ ಜೊತೆ ಯುದ್ಧ. ವಿಮಾನ ಇದೆ, ಪೈಲಟ್ ಇದ್ದಾನೆ, ಬಿಡಿಭಾಗ ಇಲ್ಲ. ಒಂದು ವಿಮಾನದ ಕರುಳು ಕಿತ್ತು ಇನ್ನೊಂದಕ್ಕೆ ಹಾಕಿ ಹಾರಿಸಿದರು. 2006ರಲ್ಲಿ ಅಮೆರಿಕ ತನ್ನ ಎಫ್-14ಗಳನ್ನು ನಿವೃತ್ತಿ ಮಾಡಿದ ಮೇಲೆ ಎಷ್ಟೋ ವಿಮಾನಗಳನ್ನು ಯಂತ್ರಕ್ಕೆ ಕೊಟ್ಟು ಚೂರುಚೂರು ಮಾಡಿಸಿತು. 2008ರಲ್ಲಿ ಬಿಡಿಭಾಗ ಮಾರಕೂಡದು ಅಂತ ಕಾನೂನೇ ತಂದಿತು. ಗುಜರಿ ಬೋಲ್ಟು ಕೂಡ ಇರಾನಿಗೆ ಸಿಗಬಾರದು ಅಂತ!

ನಮಗಿದು ದೂರದ ಕಥೆಯಲ್ಲ. 1998ರ ಪೋಖ್ರಾನ್ ಪರೀಕ್ಷೆಯ ನಂತರದ ನಿರ್ಬಂಧದಿಂದ ನಮ್ಮ ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರುಗಳು ಬಿಡಿಭಾಗವಿಲ್ಲದೆ ನೆಲ ಹಿಡಿದವು. ಈಗ ಯಾರ ಜೊತೆಗೂ ಜಗಳವಿಲ್ಲದಿದ್ದರೂ ತೇಜಸ್‌ಗೆ ಅಂತ 2021ರಲ್ಲಿ ಕೊಂಡ 99 ಅಮೆರಿಕನ್ ಎಂಜಿನ್ನುಗಳಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚಿನಲ್ಲಿ. ಅಷ್ಟು ದಿನ ಬೆಂಗಳೂರಿನ ಎಚ್.ಎ.ಎಲ್. ಕಾಯಬೇಕಾಯ್ತು.

ಎಲ್ಲವನ್ನೂ ನಾವೇ ಮಾಡಬೇಕು ಅಂತ ನನ್ನ ವಾದವಲ್ಲ. ಅದು ಯಾವ ದೇಶಕ್ಕೂ ಗಿಟ್ಟೋದಿಲ್ಲ. ಆದರೆ ಬಿಲ್ಲಿನಲ್ಲಿ ಬರೆದದ್ದೇ ಬೆಲೆ ಅಲ್ಲ. ಮೂವತ್ತು ವರ್ಷ ಅದಕ್ಕೆ ಬ್ಲೇಡು, ಬೇರಿಂಗು ಪೂರೈಸೋರು ಯಾರು, ಅವರು ಮುನಿಸಿಕೊಂಡರೆ ಗತಿಯೇನು, ಇದನ್ನೂ ಖರ್ಚಿನ ಕಾಲಮ್ಮಿಗೆ ಸೇರಿಸಬೇಕು. ಹಾಗೆ ಸೇರಿಸಿದರೆ ಕಾವೇರಿಗೆ ಸುರಿದ ದುಡ್ಡು ಪೂರ್ತಿ ನಷ್ಟದ ಬಾಬತ್ತಿಗೆ ಹೋಗೋದಿಲ್ಲ, ಕಲಿಕೆಯ ಬಂಡವಾಳವಾಗಿಯೂ ಕಾಣುತ್ತೆ. ತಡವಾದದ್ದಕ್ಕೆ ಜಿ.ಟಿ.ಆರ್.ಇ.ಯನ್ನು ಧಾರಾಳವಾಗಿ ಪ್ರಶ್ನಿಸೋಣ. ಮಾಡಿದ್ದೇ ತಪ್ಪು ಅನ್ನೋದು ಬೇಡ.